ಸಾಂಕ್ರಾಮಿಕದ ಕಾಲದಲ್ಲಿ ಲಸಿಕೆ ಬೇಡವೆನ್ನುವುದು ವ್ಯಕ್ತಿಯ ಹಕ್ಕೇ?

ಕೋವಿಡ್ ಲಸಿಕೆಯನ್ನು ನಿರಾಕರಿಸುವ ಹಕ್ಕು ವ್ಯಕ್ತಿಗೆ ಇದೆಯೇ ಎಂಬ ಪ್ರಶ್ನೆಗೆ ಭಾರತದ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಉತ್ತರ ನೀಡಿದೆ. ಸಂವಿಧಾನದ 21ನೇ ವಿಧಿಯು ತನ್ನ ದೇಹದ ಮೇಲೆ ವ್ಯಕ್ತಿಗಿರುವ ಹಕ್ಕನ್ನೂ ಒಳಗೊಂಡಿರುವುದರಿಂದ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಆದರೆ ಸಮುದಾಯದ ಆರೋಗ್ಯದ ಹಿತದೃಷ್ಟಿಯಿಂದ ಸರ್ಕಾರವು ಸಮಂಜಸವಾದ, ಅಪಾಯದ ಪ್ರಮಾಣಕ್ಕೆ ತಕ್ಕ ನಿರ್ಬಂಧಗಳನ್ನು ವಿಧಿಸಬಹುದು ಎಂಬುದು ಆ ತೀರ್ಪಿನ ಸಾರ.

‘ಪ್ರಮಾಣಕ್ಕೆ ತಕ್ಕ’ ಎಂಬ ಮಾತೇ ಇಲ್ಲಿ ಮುಖ್ಯ. ಲಸಿಕೆ ಪಡೆಯದವರಿಂದ ಸೋಂಕು ಹರಡುವ ಅಪಾಯವು ಪಡೆದವರಿಗಿಂತ ಹೆಚ್ಚೆಂದು ತೋರಿಸುವ ಮಾಹಿತಿಯನ್ನು ಸರ್ಕಾರಗಳು ಮುಂದಿಡಲಿಲ್ಲವಾದ್ದರಿಂದ, ಸಾರ್ವಜನಿಕ ಸ್ಥಳಗಳಿಗೆ ಅವರ ಪ್ರವೇಶದ ಮೇಲೆ ಅಂದು ಹೇರಿದ್ದ ನಿರ್ಬಂಧಗಳು ಸಮಂಜಸವೆಂದು ನ್ಯಾಯಾಲಯಕ್ಕೆ ತೋರಲಿಲ್ಲ. ಈ ತರ್ಕವನ್ನು ದಡಾರಕ್ಕೆ ಹಾಗೆಯೇ ಅನ್ವಯಿಸಲಾಗದು. ಅದರ ಲಸಿಕೆಯು ಹರಡುವಿಕೆಯನ್ನೇ ತಡೆಯುತ್ತದೆ, ಮತ್ತು ನೂರರಲ್ಲಿ ಸುಮಾರು 95 ಮಂದಿಗೆ ರಕ್ಷಣೆಯಿದ್ದರೆ ಮಾತ್ರ ಲಸಿಕೆಯ ವಯಸ್ಸಿಗೆ ಬಾರದ ಹಸುಗೂಸುಗಳೂ ರೋಗನಿರೋಧಕ ಶಕ್ತಿ ಕುಂದಿದವರೂ ಸುರಕ್ಷಿತರಾಗಿರುತ್ತಾರೆ. ಆದ್ದರಿಂದ ನಿರಾಕರಣೆಯ ಪರಿಣಾಮವನ್ನು ಪಕ್ಕದ ಮನೆಯ ಮಗು ಅನುಭವಿಸುವಂತಿದ್ದರೆ, ಅದನ್ನು ಕೇವಲ ಖಾಸಗಿ ನಿರ್ಧಾರವೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಜವಾಬ್ದಾರಿ ಸರ್ಕಾರದ್ದೂ ಹೌದು: ಅಡ್ಡಪರಿಣಾಮಗಳ ವರದಿಗಳು, ಸಂಬಂಧಪಟ್ಟವರ ಗೋಪ್ಯತೆಗೆ ಧಕ್ಕೆಯಾಗದಂತೆ, ಸಾರ್ವಜನಿಕರಿಗೆ ದೊರೆಯಬೇಕೆಂದು ಅದೇ ತೀರ್ಪು ಕೇಂದ್ರಕ್ಕೆ ನಿರ್ದೇಶಿಸಿತು.