ನಲವತ್ತು ವರ್ಷ ಸುಮ್ಮನಿದ್ದ ತಪ್ಪು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬಂದ, ಆನುವಂಶಿಕ ನರರೋಗಗಳ ಕುರಿತ ಲೇಖನವನ್ನು ಓದಿ ನೀವು ಎರಡು ಪ್ರಶ್ನೆಗಳನ್ನು ಕೇಳಿದ್ದೀರಿ. ಜೀನಿನ ತಪ್ಪಿನಿಂದ ಪ್ರೋಟೀನಿನ ಆಕಾರ ಕೆಡುತ್ತದೆ ಎನ್ನುವುದಾದರೆ, ಹುಟ್ಟುವಾಗಲೇ ಇದ್ದ ಆ ತಪ್ಪು ನಲವತ್ತು ವರ್ಷ ಸುಮ್ಮನಿದ್ದುದೇಕೆ ಎಂಬುದು ಮೊದಲನೆಯದು. ಕೆಟ್ಟ ಆಕಾರವನ್ನು ಔಷಧದಿಂದ ಸರಿಪಡಿಸಲು ಬರುವುದಿಲ್ಲವೇ ಎಂಬುದು ಎರಡನೆಯದು. 'ಆಕಾರ ಕೆಡುತ್ತದೆ' ಎಂಬ ಮಾತು ಲೇಖಕರದಲ್ಲ. ಪುಟಕ್ಕೆ ಹೊಂದಿಸುವ ಅವಸರದಲ್ಲಿ ಅವರ ಅರ್ಧ ಪ್ಯಾರಾವನ್ನು ಆ ಎರಡು ಪದಗಳಿಗೆ ಇಳಿಸಿದವನು ನಾನು. ಆದ್ದರಿಂದ ಉತ್ತರ ಕೊಡಬೇಕಾದವನೂ ನಾನೇ.

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳ ಸರ. ಕೋಶದೊಳಗೆ ಅದು ಮಡಿಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಆ ಮಡಿಕೆಯನ್ನು ಹಿಡಿದಿಡುವುದು ಮುಖ್ಯವಾಗಿ ಗಟ್ಟಿ ಬಂಧಗಳಲ್ಲ, ಒಂದೊಂದಾಗಿ ನೋಡಿದರೆ ತೀರ ದುರ್ಬಲವಾದ ನೂರಾರು ಆಕರ್ಷಣೆಗಳು. ಮಡಿಚಿದ ಸ್ಥಿತಿಗೂ ಬಿಚ್ಚಿಕೊಂಡ ಸ್ಥಿತಿಗೂ ನಡುವಿನ ಶಕ್ತಿಯ ಅಂತರ ಬಹಳ ಕಡಿಮೆ. ಹೀಗಾಗಿ ಉತ್ಪರಿವರ್ತನೆಯೊಂದು, ಎಂದರೆ ಜೀನಿನ ತಪ್ಪೊಂದು, ಅನೇಕ ಸಲ ಮಾಡುವುದು ಬೇರೆ ಆಕಾರವನ್ನು ಕಡೆದು ಕೊಡುವುದಲ್ಲ, ಇರುವ ಆಕಾರದಲ್ಲಿ ನಿಲ್ಲುವ ಬಲವನ್ನು ಕುಗ್ಗಿಸುವುದು.

ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುವ ಎಎಲ್‌ಎಸ್ ಕಾಯಿಲೆಯನ್ನು ನೋಡಿ. ಕೆಲವು ಕುಟುಂಬಗಳಲ್ಲಿ ಇದರ ದೋಷವಿರುವುದು ಎಸ್‌ಒಡಿ1 ಎಂಬ ಜೀನಿನಲ್ಲಿ ಎಂದು 1993ರಲ್ಲಿ ಗೊತ್ತಾಯಿತು. ಅದರ ಪ್ರೋಟೀನಿನಲ್ಲಿ 153 ಅಮೈನೋ ಆಮ್ಲಗಳಿವೆ. ತಾಮ್ರ ಮತ್ತು ಸತುವನ್ನು ಹಿಡಿದುಕೊಂಡು ಎರಡೆರಡು ಅಣುಗಳು ಜೋಡಿಯಾಗಿರುತ್ತವೆ. ನಾಲ್ಕನೆಯ ಸ್ಥಾನದಲ್ಲಿ ಅಲನೀನ್ ಹೋಗಿ ವ್ಯಾಲೀನ್ ಬಂದರೆ ಹೆಚ್ಚಾಗುವುದು ಎರಡು ಇಂಗಾಲದ ಮತ್ತು ನಾಲ್ಕು ಜಲಜನಕದ ಪರಮಾಣುಗಳು, ಅಷ್ಟೇ. ಹರಳುಗಟ್ಟಿಸಿ ನೋಡಿದರೆ ಆಕಾರ ಹೆಚ್ಚುಕಡಿಮೆ ಮೊದಲಿನದೇ. ಆದರೆ ಆ ತುಸು ದಪ್ಪನೆಯ ತುಂಡು ಎರಡು ಅಣುಗಳು ಕೂಡುವ ಜಾಗದ ಪಕ್ಕದಲ್ಲೇ ಕೂರುವುದರಿಂದ ಜೋಡಿ ಬೇಗ ಬಿಟ್ಟುಕೊಳ್ಳುತ್ತದೆ. ಒಂಟಿಯಾದ ಅಣು ಲೋಹವನ್ನೂ ಕಳೆದುಕೊಂಡು, ಸಡಿಲವಾಗಿ, ತನ್ನಂಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಇದೇ ಜೀನನ್ನು ಪೂರ್ತಿ ತೆಗೆದುಹಾಕಿದ ಇಲಿಗಳಿಗೆ ಎಎಲ್‌ಎಸ್ ಬರಲಿಲ್ಲ. ಎಂದರೆ ಕೆಡುಕು ಬಂದದ್ದು ಪ್ರೋಟೀನು ಕೆಲಸ ನಿಲ್ಲಿಸಿದ್ದರಿಂದಲ್ಲ, ಹೊಸದಾಗಿ ಕಲಿತ ಚಾಳಿಯಿಂದ.

ಹೀಗೆ ಅಂಟಿಕೊಳ್ಳುವುದಕ್ಕೆ ಕಾಲ ಬೇಕು. ಮೊದಲ ಕೆಲವು ಅಣುಗಳು ತಕ್ಕ ಭಂಗಿಯಲ್ಲಿ ಒಂದೆಡೆ ಸೇರುವುದು ಅಪರೂಪ. ಸೇರಿದ ಮೇಲೆ ಉಳಿದವು ಸರಸರನೆ ಕೂಡಿಕೊಳ್ಳುತ್ತವೆ. ಅಲ್ಲಿಯವರೆಗೆ ಸಡಿಲ ಪ್ರೋಟೀನುಗಳನ್ನು ಚೂರು ಮಾಡಿ ವಿಲೇವಾರಿ ಮಾಡುವ ಏರ್ಪಾಡು ಕೋಶದಲ್ಲಿ ಇದ್ದೇ ಇರುತ್ತದೆ, ವಯಸ್ಸಾದಂತೆ ಅದೂ ಸೋಲುತ್ತದೆ. ನರಕೋಶ ವಿಭಜನೆಯಾಗುವುದಿಲ್ಲವಾದ್ದರಿಂದ ಕಸವನ್ನು ಹಂಚಿಕೊಳ್ಳಲು ಮರಿಕೋಶಗಳೂ ಇಲ್ಲ.

ನಿಮ್ಮ ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರ ಇಷ್ಟೇ. ಆದರೆ ನೀವು ಹೆಸರಿಸಿದ, ಮಿದುಳಿನ ನರಕೋಶಗಳನ್ನು ಕೊಲ್ಲುವ ಹಂಟಿಂಗ್ಟನ್ ಕಾಯಿಲೆಗೆ ಇದು ಸಾಲದು. ಅಲ್ಲಿ ಸಿಎಜಿ ಎಂಬ ಮೂರಕ್ಷರದ ಪದ ಜೀನಿನಲ್ಲಿ ಮತ್ತೆ ಮತ್ತೆ ಬರುತ್ತದೆ, ಒಂದೊಂದು ಪದವೂ ಪ್ರೋಟೀನಿಗೆ ಗ್ಲುಟಮೀನ್ ಎಂಬ ಒಂದೊಂದು ಅಮೈನೋ ಆಮ್ಲವನ್ನು ಸೇರಿಸುತ್ತದೆ. ಈ ಪದಗಳ ಸಂಖ್ಯೆ 26ರವರೆಗೆ ಇದ್ದರೆ ತೊಂದರೆಯಿಲ್ಲ, 36ರಿಂದ 39 ಇದ್ದವರಿಗೆ ರೋಗ ಬರಬಹುದು, ಬಾರದೆಯೂ ಇರಬಹುದು, 40 ಅಥವಾ ಅದಕ್ಕಿಂತ ಹೆಚ್ಚು ಇದ್ದವರಿಗೆ, ಸಾಮಾನ್ಯ ಆಯುಷ್ಯ ಇದ್ದರೆ, ಬಂದೇ ಬರುತ್ತದೆ. ಪ್ರೋಟೀನಿನ ಈ ಭಾಗಕ್ಕೆ ಆರೋಗ್ಯವಂತರಲ್ಲೂ ಖಚಿತ ಆಕಾರವಿಲ್ಲ. ಇಲ್ಲದ ಆಕಾರ ಕೆಡುವುದೆಲ್ಲಿಂದ ಬಂತು?

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ಸಾಲಿನ ಕೊನೆಯ ಬಳಿ ಸಾಮಾನ್ಯವಾಗಿ ಒಂದು ಸಿಎಎ ಇರುತ್ತದೆ. ಅದೂ ಗ್ಲುಟಮೀನನ್ನೇ ಕೊಡುತ್ತದೆ. ಕೆಲವರಲ್ಲಿ ಅದು ಸಿಎಜಿ ಆಗಿಬಿಟ್ಟಿರುತ್ತದೆ. ಪ್ರೋಟೀನಿನಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ, ಆದರೂ ಅಂಥವರಿಗೆ ರೋಗ ಬೇಗ ಬರುತ್ತದೆಂದು 2019ರಲ್ಲಿ ಕಂಡುಬಂತು. ಹಾಗಾದರೆ ಗಡಿಯಾರ ಇರುವುದು ಡಿಎನ್‌ಎಯಲ್ಲಿ. ಹುಟ್ಟುವಾಗ 40 ಚಿಲ್ಲರೆ ಇದ್ದ ಸಾಲು ಮಿದುಳಿನ ಸ್ಟ್ರಯೇಟಮ್ ಭಾಗದ ಕೆಲವು ನರಕೋಶಗಳಲ್ಲಿ ವರ್ಷವರ್ಷವೂ ಉದ್ದವಾಗುತ್ತ ಹೋಗುತ್ತದೆ, ಅಡೆತಡೆಯಿಲ್ಲದ ಸಿಎಜಿ ಸಾಲಾದರೆ ಇನ್ನೂ ಸಲೀಸಾಗಿ. ಅದು 150ನ್ನು ದಾಟುವವರೆಗೆ ಆ ಕೋಶಗಳಿಗೆ ಹೇಳಿಕೊಳ್ಳುವಂಥ ಹಾನಿ ಕಾಣುವುದಿಲ್ಲ ಎಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇದು ಎಲ್ಲರೂ ಒಪ್ಪಿ ಮುಗಿದ ಮಾತಲ್ಲ, ಆದರೆ 'ನಲವತ್ತು ವರ್ಷ ಏಕೆ' ಎಂಬುದಕ್ಕೆ ನಾನು ಓದಿದ ಉತ್ತರಗಳಲ್ಲಿ ಇದೇ ಹೆಚ್ಚು ಸಮಂಜಸವೆಂದು ನನಗೆ ತೋರುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ರೋಗದಿಂದ ರೋಗಕ್ಕೆ ಬೇರೆಯಾಗುತ್ತದೆ. ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ನಾಲ್ಕು ಅಣುಗಳ ಗುಂಪು. ಆ ಗುಂಪು ಒಡೆದರೆ ಕೈಕಾಲುಗಳ ನರಗಳು ಹಾಳಾಗುತ್ತವೆ. ಟಫಾಮಿಡಿಸ್ ಎಂಬ ಔಷಧ ಅಣುಗಳ ನಡುವಿನ ಸಂದಿಗೆ ಬೆಣೆಯಂತೆ ಕೂತು ಗುಂಪು ಒಡೆಯದಂತೆ ತಡೆಯುತ್ತದೆ. ನೀವು ಊಹಿಸಿದ್ದಕ್ಕೆ ಇದೇ ಹತ್ತಿರ, ಆದರೆ ಇದು ಕೂಡ ಕೆಟ್ಟದ್ದನ್ನು ಸರಿಪಡಿಸುವುದಿಲ್ಲ, ಕೆಡುವುದನ್ನು ತಡೆಯುತ್ತದೆ. ಎಸ್‌ಒಡಿ1 ದೋಷವಿರುವ ಎಎಲ್‌ಎಸ್‌ಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೋಫರ್ಸೆನ್ ಆಕಾರದ ಗೋಜಿಗೇ ಹೋಗದೆ, ಜೀನಿನ ನಕಲಾದ ಆರ್‌ಎನ್‌ಎ ಹಂತದಲ್ಲೇ ಆ ಪ್ರೋಟೀನಿನ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಹಂಟಿಂಗ್ಟನ್ನಿನ ಗ್ಲುಟಮೀನ್ ಸಾಲಿನಲ್ಲಾದರೋ ಬೆಣೆ ಕೂರಿಸಲು ಸಂದಿಯೇ ಇಲ್ಲ. ಅಲ್ಲಿ ಈಗ ಕೆಲವರು ಪ್ರೋಟೀನನ್ನು ಬದಿಗಿಟ್ಟು, ಸಿಎಜಿ ಸಾಲು ಉದ್ದವಾಗಲು ಕಾರಣವಾಗುವ ಡಿಎನ್‌ಎ ದುರಸ್ತಿಯ ಪ್ರೋಟೀನುಗಳನ್ನೇ ತಡೆಹಿಡಿಯಲು ನೋಡುತ್ತಿದ್ದಾರೆ.

– ಸಂಪಾದಕ