ಬ್ರೂಕ್ಲಿನ್ ಹೈಟ್ಸ್‌ನ ಹಳೆಯ ಮನೆ: ಮೊದಲು ಮುಂಗೋಡೆಯನ್ನು ನೋಡಿ

ಪ್ರಶ್ನೆ: ನಾವು ಹಲವು ವರ್ಷಗಳಿಂದ ನ್ಯೂಯಾರ್ಕಿನಲ್ಲಿ ನೆಲೆಸಿದ್ದೇವೆ. ಬ್ರೂಕ್ಲಿನ್ ಹೈಟ್ಸ್‌ನಲ್ಲಿ 1850ರ ದಶಕದ ನಾಲ್ಕು ಅಂತಸ್ತಿನ ಬ್ರೌನ್‌ಸ್ಟೋನ್ ಟೌನ್‌ಹೌಸ್ ಒಂದು 60 ಲಕ್ಷ ಡಾಲರಿಗೆ ಮಾರಾಟಕ್ಕಿದೆ. ಒಳಗೂ ಹೊರಗೂ ನವೀಕರಿಸಲಾಗಿದೆ, ಕಿಟಕಿಗಳೆಲ್ಲ ಹೊಸವು ಎಂದು ಜಾಹೀರಾತಿನಲ್ಲಿದೆ. ಮನೆ ನಮ್ಮ ಮನಸ್ಸಿಗೆ ಹಿಡಿಸಿದೆ. ಸಂರಕ್ಷಿತ ಪ್ರದೇಶವಾದ್ದರಿಂದ ತೊಡಕುಗಳೇನಾದರೂ ಇವೆಯೇ? ಹಿಂಬದಿಗೆ ಒಂದು ಕೋಣೆ ಕಟ್ಟಿಸಿಕೊಳ್ಳಬಹುದೇ?
– ಓದುಗರೊಬ್ಬರು, ನ್ಯೂಯಾರ್ಕ್

ಉತ್ತರ: ಜಾಹೀರಾತಿನಲ್ಲಿ ನಿಮ್ಮನ್ನು ಸೆಳೆದಿರುವ ‘ಹೊಸ ಕಿಟಕಿಗಳು’ ಎಂಬ ಮಾತಿನಿಂದಲೇ ಪರಿಶೀಲನೆಯನ್ನು ಆರಂಭಿಸಿ. 1965ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ನಗರ ತನ್ನ ಸ್ಮಾರಕ ಸಂರಕ್ಷಣಾ ಕಾನೂನನ್ನು ತಂದಿತು. ಅದೇ ವರ್ಷದ ನವೆಂಬರ್‌ನಲ್ಲಿ, ಆ ಕಾನೂನಿನ ಅಡಿಯಲ್ಲಿ ನಗರದ ಮೊತ್ತಮೊದಲ ಐತಿಹಾಸಿಕ ಪ್ರದೇಶವೆಂದು ಘೋಷಿತವಾದದ್ದು ಬ್ರೂಕ್ಲಿನ್ ಹೈಟ್ಸ್. ಅಂದಿನಿಂದ ಅಲ್ಲಿನ ಮನೆಗಳ ಹೊರಮೈಯಲ್ಲಿ ಕಿಟಕಿ, ಬಾಗಿಲು, ಮೆಟ್ಟಿಲು, ಕಬ್ಬಿಣದ ಕಂಬಿ ಯಾವುದನ್ನು ಬದಲಾಯಿಸಬೇಕಾದರೂ ಈ ಕಾನೂನನ್ನು ಜಾರಿಗೊಳಿಸುವ ಲ್ಯಾಂಡ್‌ಮಾರ್ಕ್ಸ್ ಆಯೋಗದ ಪರವಾನಗಿ ಬೇಕು. ಒಡೆದ ಗಾಜನ್ನು ಹಾಕಿಸುವುದು, ಇರುವ ಬಣ್ಣವನ್ನೇ ಮತ್ತೆ ಬಳಿಸುವುದು ಮೊದಲಾದ ಸಾಮಾನ್ಯ ದುರಸ್ತಿಗೆ ಅದರ ಅಗತ್ಯವಿಲ್ಲ. ಈ ಕಟ್ಟುಪಾಡನ್ನು ಹೊರೆಯೆಂದು ಭಾವಿಸುವವರಿದ್ದಾರೆ. ಆದರೆ ನೀವು ಮೆಚ್ಚಿದ ಆ ಬೀದಿಯ ಸಾಲುಮನೆಗಳು ಇಂದಿಗೂ ಹಾಗೆಯೇ ಉಳಿದಿರುವುದರಲ್ಲಿ ಅದರ ಪಾಲು ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನೀವು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೆಂದರೆ, ಹಿಂದಿನ ಮಾಲೀಕರು ಪರವಾನಗಿ ಇಲ್ಲದೆ ಕಿಟಕಿಗಳನ್ನು ಬದಲಾಯಿಸಿದ್ದರೆ ಆ ಉಲ್ಲಂಘನೆ ಮನೆಯ ಜೊತೆಗೇ ನಿಮ್ಮ ಹೆಗಲಿಗೆ ಬರುತ್ತದೆ. ಆಯೋಗ ಮೊದಲು ಎಚ್ಚರಿಕೆಯ ಪತ್ರ ಕಳುಹಿಸಿ ಸರಿಪಡಿಸಲು ಅವಕಾಶ ನೀಡುತ್ತದೆ. ಸರಿಪಡಿಸದಿದ್ದರೆ ದಂಡದ ನೋಟಿಸು ಬರುತ್ತದೆ, ಮತ್ತು ಅದು ಬಗೆಹರಿಯುವ ತನಕ ಬೇರೆ ಕೆಲಸಗಳಿಗೆ ಸಾಮಾನ್ಯವಾಗಿ ಹೊಸ ಪರವಾನಗಿ ಸಿಗುವುದಿಲ್ಲ. ಆದ್ದರಿಂದ ಪ್ರತಿಯೊಂದು ಹೊರಕೆಲಸದ ಪರವಾನಗಿಯ ಪ್ರತಿಯನ್ನೂ, ಕೆಲಸ ಮುಗಿದಾಗ ಆಯೋಗ ಕೊಟ್ಟ ಅನುಸರಣಾ ಪತ್ರವನ್ನೂ ಮಾರಾಟಗಾರರಿಂದ ಕೇಳಿ ಪಡೆಯಿರಿ.

ಇನ್ನು ಕಲ್ಲಿನ ವಿಚಾರ. ಬ್ರೌನ್‌ಸ್ಟೋನ್ ಎಂಬುದು ಕನೆಕ್ಟಿಕಟ್‌ನ ಪೋರ್ಟ್‌ಲ್ಯಾಂಡ್, ನ್ಯೂಜೆರ್ಸಿ ಮೊದಲಾದೆಡೆಗಳ ಗಣಿಗಳಿಂದ ಬಂದ ಮೆದು ಮರಳುಗಲ್ಲು. ಇಡೀ ಗೋಡೆ ಕಲ್ಲಿನದಲ್ಲ. ಇಟ್ಟಿಗೆಯ ಗೋಡೆಗೆ ಹೊರಗಿನಿಂದ ಕಲ್ಲಿನ ತೆಳು ಹಲಗೆಗಳನ್ನು ಹೊದಿಸಿರುತ್ತಾರೆ. ಗಣಿಯಲ್ಲಿ ಅಡ್ಡಡ್ಡಲಾಗಿದ್ದ ಪದರಗಳನ್ನು ಅಂದಿನ ಕಟ್ಟಡಗಾರರು ಬಹಳಷ್ಟು ಕಡೆ ಲಂಬವಾಗಿ ನಿಲ್ಲಿಸಿಬಿಟ್ಟರು. ಹೀಗಾಗಿ ಪದರಗಳ ನಡುವೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿದಂತೆಲ್ಲ ಕಲ್ಲು ಈರುಳ್ಳಿಯಂತೆ ಪದರ ಪದರವಾಗಿ ಕಳಚುತ್ತದೆ. ಕಳಚಿದ ಕಡೆ ಬಣ್ಣ ಬೆರೆಸಿದ ಸಿಮೆಂಟು ಮೆತ್ತಿ ಕಲ್ಲಿನಂತೆ ಕಾಣಿಸುವುದೇ ಎಷ್ಟೋ ನವೀಕರಣಗಳ ತಿರುಳು. ಮರದ ಸಣ್ಣ ಸುತ್ತಿಗೆಯಿಂದ ಕಿಟಕಿಯ ಕೆಳಪಟ್ಟಿ, ಮೆಟ್ಟಿಲಿನ ಬದಿಗಳನ್ನು ಮೆಲ್ಲಗೆ ತಟ್ಟಿಸಿ ನೋಡಿ. ಟೊಳ್ಳು ಸದ್ದು ಬಂದರೆ ಮೆತ್ತಿದ ಪದರ ಒಳಗಿನ ಕಲ್ಲನ್ನು ಬಿಟ್ಟಿದೆ ಎಂದು ತಿಳಿಯಬೇಕು. ಹಿಂಬದಿಯ ಇಟ್ಟಿಗೆ ಗೋಡೆಯಲ್ಲಿ ಸಂದುಗಳ ಗಾರೆಯನ್ನು ನೋಡಿ: ಹಳೆಯ ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ, ಗಟ್ಟಿ ಸಿಮೆಂಟು ಬಿಡುವುದಿಲ್ಲ, ಸಂದಿನಲ್ಲಿ ಸಿಮೆಂಟು ತುಂಬಿದಾಗ ತೇವ ಇಟ್ಟಿಗೆಯ ಮೂಲಕವೇ ಹೊರಬರಬೇಕಾಗಿ ಇಟ್ಟಿಗೆಯ ಮುಖವೇ ಉದುರುತ್ತದೆ. ಹೊಳೆಯುವ ಅಡುಗೆಮನೆಯನ್ನು ಎಷ್ಟು ಹೊತ್ತು ನೋಡುತ್ತೀರೋ ಅದಕ್ಕಿಂತ ಹೆಚ್ಚು ಹೊತ್ತನ್ನು, ಹಳೆಯ ಕಟ್ಟಡಗಳನ್ನು ಬಲ್ಲ ಎಂಜಿನಿಯರ್ ಒಬ್ಬರನ್ನು ಜೊತೆಗಿಟ್ಟುಕೊಂಡು, ಈ ಗೋಡೆಗಳ ಮುಂದೆ ಕಳೆಯಿರಿ.

ಹಿಂಬದಿಯ ಕೋಣೆ ಅಸಾಧ್ಯವಲ್ಲ, ಆದರೆ ಅದನ್ನು ನಂಬಿ ಬೆಲೆ ಒಪ್ಪಬೇಡಿ. ಅದಕ್ಕೂ ಆಯೋಗದ ಅನುಮತಿ ಬೇಕು. ಅದರ ಎತ್ತರ, ಆಳ, ಅಕ್ಕಪಕ್ಕದ ಹಿತ್ತಲುಗಳಿಗೆ ಅದು ಹೊಂದುವ ಬಗೆ ಎಲ್ಲವನ್ನೂ ತೂಗಿನೋಡುತ್ತಾರೆ.

ದಾಖಲೆಗಳಲ್ಲಿ ಮನೆಗೆ ಎಷ್ಟು ಕುಟುಂಬಗಳ ವಾಸದ ಮನೆಯೆಂಬ ಮಾನ್ಯತೆ ಇದೆ ಎಂಬುದನ್ನೂ ವಕೀಲರಿಂದ ಪರಿಶೀಲಿಸಿ. ಇಂತಹ ಅನೇಕ ಮನೆಗಳು ನಡುವೆ ಬಾಡಿಗೆಯ ಬಿಡಾರಗಳಾಗಿ ಒಡೆದು, ಮತ್ತೆ ಒಂದಾಗಿವೆ. ಕಾಗದದಲ್ಲಿ ಆ ಬದಲಾವಣೆ ಆಗಿರದಿರಬಹುದು. ಒಂದರಿಂದ ಮೂರು ಕುಟುಂಬಗಳ ಮನೆಯಾದರೆ ಆಸ್ತಿ ತೆರಿಗೆಗೆ ಕಟ್ಟುವ ಮೌಲ್ಯ, ಹೊಸ ಕಟ್ಟಡಕೆಲಸ ಇಲ್ಲದಿದ್ದಲ್ಲಿ, ವರ್ಷಕ್ಕೆ ಶೇ. 6, ಐದು ವರ್ಷಕ್ಕೆ ಶೇ. 20ಕ್ಕಿಂತ ಹೆಚ್ಚು ಏರುವಂತಿಲ್ಲ. ಇದಲ್ಲದೆ ದುಬಾರಿ ಮನೆಗಳ ಖರೀದಿಯ ಮೇಲಿನ ‘ಮ್ಯಾನ್ಷನ್ ಟ್ಯಾಕ್ಸ್’ ಕೊಳ್ಳುವವರ ತಲೆಗೆ ಬರುತ್ತದೆ. 50 ಲಕ್ಷದಿಂದ ಒಂದು ಕೋಟಿ ಡಾಲರಿನೊಳಗಿನ ಮನೆಗೆ ಅದು ಶೇ. 2.25, ನಿಮ್ಮ ಲೆಕ್ಕಕ್ಕೆ 1,35,000 ಡಾಲರ್.

ನ್ಯೂಯಾರ್ಕಿನಲ್ಲಿ ಲಿಖಿತ ಕರಾರಿಗೆ ಸಹಿ ಬೀಳುವವರೆಗೆ ಯಾರೂ ಬದ್ಧರಲ್ಲ, ಸಹಿಯಾದಾಗ ಸಾಮಾನ್ಯವಾಗಿ ಶೇ. 10 ಮುಂಗಡ ಕೊಡಬೇಕಾಗುತ್ತದೆ. ಆದ್ದರಿಂದ ಪರೀಕ್ಷೆಗಳೆಲ್ಲ ಅದಕ್ಕೆ ಮೊದಲೇ ಮುಗಿಯಲಿ. ಉಲ್ಲಂಘನೆಗಳೇನಾದರೂ ಕಂಡುಬಂದರೆ ಅವನ್ನು ಮಾರಾಟಗಾರರೇ ತಮ್ಮ ಖರ್ಚಿನಲ್ಲಿ ಬಗೆಹರಿಸಬೇಕು, ಕ್ರಯದ ದಿನದೊಳಗೆ ಅದು ಆಗದಿದ್ದರೆ ಅದಕ್ಕೆ ಸಾಕಾಗುವಷ್ಟು ಹಣವನ್ನು ಕೆಲಸ ಮುಗಿಯುವ ತನಕ ಮಾರಾಟಗಾರರ ಕೈಗೆ ಸಿಗದ ಎಸ್ಕ್ರೋ ಖಾತೆಯಲ್ಲಿ ಹಿಡಿದಿಡಬೇಕು ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸಲು ನಿಮ್ಮ ವಕೀಲರಿಗೆ ಹೇಳಿ.