ಮೊದಲ ಬಾರಿಗೆ ಫಾರ್ಮಸಿ ವಿದ್ಯಾರ್ಥಿಗಳನ್ನು ವಾರ್ಡಿನಲ್ಲಿ ನೋಡಿಕೊಳ್ಳಬೇಕಿದೆ. ಅವರು ಬಾಯಿ ಬಿಡುವುದಿಲ್ಲ, ನನಗೆ ಸಮಯವಿಲ್ಲ. ಏನು ಮಾಡಲಿ?

ನಾನೂ ಆಸ್ಪತ್ರೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ನೀವು ಹೇಳುವ ಎರಡು ತೊಂದರೆಗಳ ಬೇರೂ ಒಂದೇ ಎಂದು ನನ್ನ ಅಭಿಪ್ರಾಯ: ಕಲಿಸುವವರು ಅತಿಯಾಗಿ ಮಾತನಾಡುತ್ತಾರೆ. ಇಡೀ ವಾರ್ಡನ್ನು ತೋರಿಸುತ್ತಾ ವಿವರಿಸುತ್ತಾ ಹೋದರೆ ವಿದ್ಯಾರ್ಥಿ ಪ್ರೇಕ್ಷಕನಾಗುತ್ತಾನೆ, ನಿಮ್ಮ ಬೆಳಗೂ ಕಳೆದುಹೋಗುತ್ತದೆ.

ಮೊದಲ ದಿನವೇ ಒಬ್ಬೊಬ್ಬರಿಗೂ ಒಬ್ಬಿಬ್ಬರು ರೋಗಿಗಳನ್ನು ಒಪ್ಪಿಸಿ. 'ಇವರ ಔಷಧಿಗಳ ಬಗ್ಗೆ ನಾಳೆ ನಾನು ನಿನ್ನನ್ನೇ ಕೇಳುತ್ತೇನೆ' ಎಂದು ಹೇಳಿಬಿಡಿ. ನೀವು ಪರಿಶೀಲಿಸದ ಯಾವ ಸಲಹೆಯೂ ವೈದ್ಯರಿಗಾಗಲಿ ರೋಗಿಗಾಗಲಿ ತಲುಪಕೂಡದು ಎಂಬುದನ್ನೂ ಆಗಲೇ ಸ್ಪಷ್ಟಪಡಿಸಿ.

ಮರುದಿನ ಬಂದಾಗ ಕೇಳಬೇಕಾದ ಪ್ರಶ್ನೆ 'ಏನು ಗೊತ್ತು?' ಎಂಬುದಲ್ಲ, 'ನೀನಾಗಿದ್ದರೆ ಏನು ಮಾಡುತ್ತಿದ್ದೆ?' ಎಂಬುದು. ಒಂದು ಉದಾಹರಣೆ ಕೊಡುತ್ತೇನೆ. 82 ವರ್ಷದ ಮಹಿಳೆ, ತೂಕ 45 ಕಿಲೋ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎನಾಕ್ಸಪ್ಯಾರಿನ್ ಚುಚ್ಚುಮದ್ದನ್ನು ದಿನಕ್ಕೆ ಎರಡು ಬಾರಿ ಬರೆದಿದ್ದಾರೆ. ರಕ್ತದಲ್ಲಿ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಡೆಸಿಲೀಟರಿಗೆ 1.1 ಮಿ.ಗ್ರಾಂ, ವರದಿಯಲ್ಲಿ ಕೆಂಪು ಗುರುತಿಲ್ಲ. ವಿದ್ಯಾರ್ಥಿ 'ಮೂತ್ರಪಿಂಡ ಸರಿಯಿದೆ' ಎನ್ನುತ್ತಾನೆ. ಆಗ ಉತ್ತರ ಹೇಳಬೇಡಿ. 'ಯಾವ ಆಧಾರದ ಮೇಲೆ?' ಎಂದು ಕೇಳಿ ಸುಮ್ಮನಿರಿ. ಆ ಮೌನ ನಿಮಗೇ ಹಿಂಸೆ ಅನಿಸುತ್ತದೆ, ಆದರೂ ತಡೆದುಕೊಳ್ಳಿ. ವಯಸ್ಸು, ತೂಕ, ಲಿಂಗಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಅವನೇ ಲೆಕ್ಕ ಹಾಕಿದರೆ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತವನ್ನು ಶುದ್ಧಗೊಳಿಸುವ ವೇಗ, ನಿಮಿಷಕ್ಕೆ ಸುಮಾರು 28 ಮಿ.ಲೀ. ಬರುತ್ತದೆ. 30ಕ್ಕಿಂತ ಕೆಳಗಿದ್ದರೆ ಅದೇ ಡೋಸನ್ನು ದಿನಕ್ಕೆ ಒಮ್ಮೆ ಮಾತ್ರ ಕೊಡಬೇಕು. ವಯಸ್ಸಾದವರಲ್ಲಿ, ಮೈಯಲ್ಲಿ ಮಾಂಸಖಂಡ ಕಡಿಮೆ ಇರುವವರಲ್ಲಿ ಕ್ರಿಯಾಟಿನಿನ್ ಒಂದನ್ನೇ ನಂಬಬಾರದೆಂಬುದನ್ನು ಇನ್ನು ಅವನು ಮರೆಯಲಾರ. ಇದನ್ನೇ ನೀವು ಉಪನ್ಯಾಸವಾಗಿ ಹೇಳಿದ್ದರೆ ಬರೆದುಕೊಂಡು ಸುಮ್ಮನಾಗುತ್ತಿದ್ದ.

ಈ ಕ್ರಮ ನನ್ನ ಆವಿಷ್ಕಾರವೇನಲ್ಲ. ವೈದ್ಯಕೀಯ ಶಿಕ್ಷಣದಲ್ಲಿ 1992ರಿಂದ 'ಒಂದು ನಿಮಿಷದ ಬೋಧಕ' ಎಂಬ ಮಾದರಿ ಬಳಕೆಯಲ್ಲಿದೆ: ನಿಲುವು ಹೇಳಿಸು, ಆಧಾರ ಕೇಳು, ಒಂದು ಸಾಮಾನ್ಯ ನಿಯಮ ಕಲಿಸು, ಸರಿಯಾದುದನ್ನು ಮೆಚ್ಚು, ತಪ್ಪನ್ನು ತಿದ್ದು. ನಿಯಮ ಒಂದೇ ಇರಲಿ ಎಂಬುದು ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಒಂದು ರೋಗಿಯ ನೆಪದಲ್ಲಿ ಇಡೀ ಅಧ್ಯಾಯ ಹೇಳುವ ಚಟ ನಮ್ಮಲ್ಲಿ ಅನೇಕರಿಗಿದೆ.

ಸಮಯದ ವಿಷಯಕ್ಕೆ ಬಂದರೆ, ವಿದ್ಯಾರ್ಥಿಗಳ ಬಳಿ ಇರುವುದೇ ಅದು, ನಮ್ಮ ಬಳಿ ಇಲ್ಲದಿರುವುದೂ ಅದೇ. ಹೊಸದಾಗಿ ದಾಖಲಾದವರ ಔಷಧಿ ಇತಿಹಾಸ ಕೇಳಿ ಬರಲು ಅವರನ್ನು ಕಳುಹಿಸಿ. 'ಮಾತ್ರೆ ತೆಗೆದುಕೊಳ್ಳುತ್ತೀರಾ?' ಎಂದರೆ ಎಲ್ಲರೂ ಹೌದೆನ್ನುತ್ತಾರೆ. 'ಹೇಗೆ ತೆಗೆದುಕೊಳ್ಳುತ್ತೀರಿ, ತೋರಿಸಿ' ಎಂದು ಕೇಳಲು ಕಲಿಸಿ. ಕಣ್ಣಿನ ಹನಿ, ಇನ್‌ಹೇಲರ್, ಗಿಡಮೂಲಿಕೆ, ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ ಎಲ್ಲವನ್ನೂ ವಿಚಾರಿಸಲಿ. ರಕ್ತದೊತ್ತಡದ ಮಾತ್ರೆ ಲಿಸಿನೊಪ್ರಿಲ್ ಮತ್ತು ಮೂತ್ರವರ್ಧಕ ಸೇವಿಸುವವರು ಗುಟ್ಟಾಗಿ ನೋವಿನ ಮಾತ್ರೆ ಐಬುಪ್ರೊಫೆನ್ ನುಂಗುತ್ತಿರುವುದು ಇಂಥ ನಿಧಾನದ ಮಾತುಕತೆಯಲ್ಲೇ ಹೊರಬರುತ್ತದೆ. ಆ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಏಕೆ ಕಷ್ಟ ಎಂಬ ಚರ್ಚೆ ತಾನಾಗಿ ಹುಟ್ಟುತ್ತದೆ. ತಾನು ತಂದ ಸುದ್ದಿಯಿಂದ ವೈದ್ಯರು ಔಷಧಿ ಬದಲಿಸಿದ್ದನ್ನು ಕಂಡ ಹುಡುಗಿ ಮರುದಿನ ರೌಂಡ್ಸಿನಲ್ಲಿ ಬಾಯಿ ಬಿಡುತ್ತಾಳೆ.

ತಿದ್ದುವುದನ್ನು ಅದೇ ದಿನ, ರೋಗಿಯ ಎದುರಲ್ಲದೆ ಬೇರೆ ಕಡೆ ಮಾಡಿ. 'ಚೆನ್ನಾಗಿತ್ತು' ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. ಹಾಗೆಯೇ ಎಲ್ಲರ ಮುಂದೆ ಅಪರೂಪದ ಅಡ್ಡಪರಿಣಾಮ ಕೇಳಿ ವಿದ್ಯಾರ್ಥಿಯನ್ನು ತಬ್ಬಿಬ್ಬುಗೊಳಿಸುವ ಪದ್ಧತಿಯೂ ನನಗೆ ಸರಿಬರುವುದಿಲ್ಲ.

ಮೊದಲ ವಾರ ನಿಮ್ಮ ಕೆಲಸ ಖಂಡಿತ ನಿಧಾನವಾಗುತ್ತದೆ. ಅದನ್ನು ವಿಭಾಗದ ಮುಖ್ಯಸ್ಥರಿಗೆ ಈಗಲೇ ತಿಳಿಸಿ, ಮಧ್ಯಾಹ್ನ ಅರ್ಧ ಗಂಟೆಯನ್ನು ಚರ್ಚೆಗೆಂದು ಬಿಡಿಸಿಕೊಳ್ಳಿ.